ಅಡಿವೆಪ್ಪನ ಮೊದಲ ಆಲ್ಬಮ್ಮಿಗೆ ನಮ್ಮ ಅತ್ತೆಯ ಕೊಡುಗೆ

ನಮ್ಮೂರಿನಲ್ಲಿ ಡಬ್ಬಿಯನ್ನು ಖಾಲಿ ವಾಪಸು ಕೊಟ್ಟ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಪಂಪ್‌ಸೆಟ್ ಕದ್ದು ಸಿಕ್ಕಿಬಿದ್ದವನೊಬ್ಬನನ್ನು ಎರಡೇ ವರ್ಷದಲ್ಲಿ ಕ್ಷಮಿಸಿ ಪಂಚಾಯಿತಿಗೆ ಆರಿಸಿ ಕಳಿಸಿದ್ದೇವೆ. ಆದರೆ ಖಾಲಿ ಡಬ್ಬಿ ಕೊಟ್ಟವರ ಮೊಮ್ಮಕ್ಕಳನ್ನು ಇವತ್ತಿಗೂ ಬೆರಳು ಮಾಡಿ ತೋರಿಸುತ್ತೇವೆ. ಡಬ್ಬಿಯೆಂದರೆ ಸ್ಟೀಲಿನದು, ಎರಡು ಅಂತಸ್ತಿನದು. ಕೆಳಗಿನದರಲ್ಲಿ ಕೈಬದಲು ತಂದಿದ್ದ ಸಪ್ಪಳವನ್ನು ತಂದ ಹಾಗೆಯೇ ಹಾಕಿ ಕೊಡಬೇಕು. ಮೇಲಿನದರಲ್ಲಿ ನಮ್ಮ ಕಡೆಯಿಂದ ಏನಾದರೂ ಒಂದಿಷ್ಟು. ಕೆಳಗಿನದು ಬರುವುದು ತಡವಾದರೆ ಬಾಗಿಲಿಗೆ ಹೋಗಿ ಕೇಳಬಹುದು. ಮೇಲಿನದನ್ನು ಒಮ್ಮೆ ಕೊಟ್ಟ ಮೇಲೆ ಅದರ ಹೆಸರೆತ್ತಬಾರದು.

ನಾನು ಹೊರಗಿನಿಂದ ಸೊಸೆಯಾಗಿ ಬಂದವಳು. ತವರಿನಲ್ಲಿ ನಾವು ಸಕ್ಕರೆ, ಹೆಪ್ಪಿಗೆ ಮಜ್ಜಿಗೆ ಇಂಥವನ್ನು ಕೈಬದಲು ತರುತ್ತಿದ್ದೆವು. ಇಲ್ಲಿ ಬಂದ ಮೂರನೆಯ ದಿನ ಪಕ್ಕದ ಮನೆಯ ತಾರಾಬಾಯಿ ಡಬ್ಬಿ ಹಿಡಿದು ಬಂದು, "ಬೀಗರು ಬಂದು ಕುಂತಾರ, ನಿಮ್ಮ ರೊಟ್ಟಿ ಬಡಿಯೋ ಸಪ್ಪಳ ಒಂಚೂರ ಕೊಡ್ರಿ" ಎಂದಳು. ಅವಳ ಮನೆಯ ರೊಟ್ಟಿ ಖಾನಾವಳಿಯದು, ಅದು ಬೀಗರಿಗೆ ಗೊತ್ತಾಗಬಾರದು. ಕೊಟ್ಟೆ. ಆ ಸಂಜೆ ನಾನು ಹನ್ನೆರಡು ರೊಟ್ಟಿ ಬಡಿದೆ, ಒಂದಕ್ಕೂ ಸಪ್ಪಳವಿಲ್ಲ. ಸಪ್ಪಳ ಇಲ್ಲಿ ಒಂದೇ ಕಡೆ ಇರುತ್ತದೆ. ಅಲ್ಲಿ ಇದ್ದರೆ ಇಲ್ಲಿ ಇಲ್ಲ. ಒಮ್ಮೆ ನಮ್ಮ ಶಾಲೆಯವರು ಪಕ್ಕದ ಶಾಲೆಗೆ ಗಂಟೆಯ ಸಪ್ಪಳ ಕೊಟ್ಟು ಕಳಿಸಿದ್ದರಿಂದ, ಅದು ವಾಪಸು ಬರುವವರೆಗೆ ಏಳನೆಯ ತರಗತಿಯವರು ಗಣಿತದ ಪಾಠದಲ್ಲೇ ಕೂತಿದ್ದರು. ಇದನ್ನೆಲ್ಲ ಯಾರೂ ದೊಡ್ಡ ವಿಷಯ ಮಾಡುವುದಿಲ್ಲ. ಮೊದಲ ವರ್ಷ ನಾನೊಬ್ಬಳು ಮಾಡಿದೆ, ಅತ್ತೆಯ ಕೈಯಲ್ಲಿ ಬೈಸಿಕೊಂಡು ಬಿಟ್ಟೆ.

ಅಡಿವೆಪ್ಪ ನಮ್ಮ ಓಣಿಯ ತುದಿಯ ಶೆಡ್ಡಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ವಯಸ್ಸು ನಲವತ್ತೊಂದು. ಮೊದಲು ಮದುವೆಯ ಬ್ಯಾಂಡಿನಲ್ಲಿದ್ದ. ಬ್ಯಾಂಡು ನಿಂತ ಮೇಲೆ ಲ್ಯಾಪ್‌ಟಾಪ್ ಕೊಂಡು, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ಒಂದು ದಿನ ಓಣಿಯವರನ್ನೆಲ್ಲ ಕೂಡಿಸಿ ತಾನು ಆಲ್ಬಮ್ ಮಾಡುವುದಾಗಿ ಸಾರಿದ. ಹೆಸರು 'ನಮ್ಮ ಓಣಿ, ಭಾಗ ಒಂದು'. ಮೊದಲನೆಯದೇ ಇನ್ನೂ ಹುಟ್ಟಿರಲಿಲ್ಲ, ಆಗಲೇ ಭಾಗ ಒಂದು. ಹಾಡಿಲ್ಲ, ಹಾಡುವವರಿಲ್ಲ, ಓಣಿಯ ಸಪ್ಪಳಗಳನ್ನೇ ಕತ್ತರಿಸಿ, ಜೋಡಿಸಿ, ಬೀಟ್ ಹಾಕಿ ಕುಣಿಸುವುದು. "ಪ್ಯಾಟಿಯೊಳಗ ಎಲ್ಲಾರೂ ಹಿಂಗ ಮಾಡ್ತಾರ್ರಿ. ಯಾರದೋ ಒಂದ ತುಣುಕ ತಗೊಂಡು ಹೊಸಾದು ಕಟ್ಟೋದು" ಎಂದ. ಬಿಡುಗಡೆ ಸಂತೆ ಬಯಲಿನಲ್ಲಿ, ಮುಂದಿನ ತಿಂಗಳ ಮೊದಲ ಭಾನುವಾರ ನಾಲ್ಕು ಗಂಟೆಗೆ. ಬಿಡುಗಡೆ ಮುಗಿದ ಕೂಡಲೇ ಎಲ್ಲರ ಸಪ್ಪಳ ಎಲ್ಲರಿಗೆ ವಾಪಸು.

"ವಾಪಸು ಕೊಟ್ಟ ಮ್ಯಾಲೆ ಆಲ್ಬಮ್ಮಿನ್ಯಾಗ ಏನ ಉಳೀತೈತಿ?" ಎಂದು ನಮ್ಮ ಮನೆಯವರು ಕೇಳಿದರು. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು, ದಿನಕ್ಕೆ ಒಂದು ಪ್ರಶ್ನೆ ಕೇಳುತ್ತಾರೆ.

"ನಮ್ಮಪ್ಪನ ಹಲಗಿ ಉಳೀತೈತ್ರಿ," ಎಂದ ಅಡಿವೆಪ್ಪ. ಅಪ್ಪ ಬಾರಿಸುತ್ತಿದ್ದ ಆ ಚರ್ಮವಾದ್ಯದ ಸಪ್ಪಳವೊಂದೇ ಅವನ ಸ್ವಂತದ್ದು.

ಜನ ಕೊಟ್ಟರು, ಕೊಡಬೇಕೆಂದು ಜಗಳ ಮಾಡಿ ಕೊಟ್ಟರು. ತಾರಾಬಾಯಿ ಕುಕ್ಕರಿನ ಮೂರನೆಯ ಸೀಟಿ ಕೊಟ್ಟಳು. ಕ್ಷೌರದಂಗಡಿಯವನು ಕತ್ತರಿಯ ಸಪ್ಪಳ ಕೊಟ್ಟ. ಆಮೇಲೆ ಅವನ ಗಿರಾಕಿಗಳು ಕಿವಿ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತ ಕೂರಬೇಕಾಯಿತು. ಗಿರಣಿಯ ಪಟ್ಟಾ, ಹೊಲಿಗೆ ಮಶೀನು, ಸೈಕಲ್ ಗಂಟೆ, ಐದೂವರೆಯ ಬಸ್ಸಿನ ಹಾರ್ನು, ಎಲ್ಲ ಹೋಯಿತು. ನಾನು ರೊಟ್ಟಿಯ ಸಪ್ಪಳ ಕೊಟ್ಟೆ. ನಲವತ್ತೊಂದು ಮನೆಯ ನಲವತ್ತೊಂದು ಡಬ್ಬಿ ಅವನ ಶೆಡ್ಡಿನಲ್ಲಿ ಸಾಲಾಗಿ ಕೂತವು. ಓಣಿಯಲ್ಲಿ ಬಸ್ಸು ಬಂದದ್ದು ಧೂಳಿನಿಂದ ಗೊತ್ತಾಗುತ್ತಿತ್ತು. ತಾರಾಬಾಯಿಯ ಬೇಳೆ ದಿನಾ ತಳ ಹಿಡಿಯುತ್ತಿತ್ತು. ಇಷ್ಟಾದರೂ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಮನೆಯ ಸಪ್ಪಳ ಸ್ಪೀಕರಿನಲ್ಲಿ ಬರುತ್ತದೆ ಎಂದರೆ ಮನುಷ್ಯರು ಏನನ್ನಾದರೂ ಸಹಿಸುತ್ತಾರೆ.

ಓಣಿಯಲ್ಲಿ ಕಡಿಮೆಯಾಗದ ಸಪ್ಪಳ ಒಂದೇ, ನಮ್ಮ ಅತ್ತೆಯದು. ನಿಂಬವ್ವ ಎಂದರೆ ನಾಲ್ಕು ಓಣಿಗೆ ಗೊತ್ತು. ಬೈಗುಳದಲ್ಲಿ ಅವರದು ಒಂದು ಕ್ರಮವಿದೆ. ಮೊದಲು ಪಾತ್ರೆ, ಆಮೇಲೆ ನನ್ನ ಕೈ, ಆಮೇಲೆ ನನ್ನ ಕಣ್ಣು, ಆಮೇಲೆ ನನ್ನ ತವರು, ಕಡೆಗೆ ಈ ಮದುವೆ ಮಾಡಿಸಿದ ಮಧ್ಯಸ್ಥ. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿದೆ, ಬೈಗುಳದಿಂದ ಮಾತ್ರ ಬಿಡುಗಡೆ ಸಿಕ್ಕಿಲ್ಲ. ಪ್ರತಿಯೊಂದರ ನಡುವೆಯೂ ಪಲ್ಲವಿಯ ಹಾಗೆ ಒಂದು ಮಾತು ಬರುತ್ತದೆ: "ಎಷ್ಟ ಸಲಾ ಹೇಳ್ಬೇಕ ನಿನಗ!" ಇಪ್ಪತ್ತೆರಡು ವರ್ಷ ಕೇಳಿದ್ದೇನೆ. ಎಷ್ಟು ಸಲ ಹೇಳಬೇಕೆಂದು ನಾನು ಒಮ್ಮೆಯೂ ಉತ್ತರ ಕೊಟ್ಟಿಲ್ಲ.

ಆ ವಾರವೇ ನಮ್ಮ ಮಗಳು ಶೈಲಾಳನ್ನು ನೋಡಲು ಗಂಡಿನವರು ಬಂದರು. ಹುಡುಗಿಗೆ ಸಂಗೀತ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿಬಿಟ್ಟಿದ್ದರು. ಆ ಯಾರೋ ನಾನೇ. ಭಜನಾ ಮಂಡಳಿಯ ಹಾರ್ಮೋನಿಯಂ ರಿಪೇರಿಗೆಂದು ಅಡಿವೆಪ್ಪನ ಶೆಡ್ಡಿನಲ್ಲಿತ್ತು. ಅವನ ಡಬ್ಬಿಯಲ್ಲೇ ಅದರ ಸಪ್ಪಳ ತಂದು, ತಾರಾಬಾಯಿಯ ಹಳೆಯ ಮುರುಕು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮಗಳಿಂದ ಬೆರಳಾಡಿಸಿದೆ. ಗಂಡಿನವರು ಒಪ್ಪಿ, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಹೋದರು.

ಮರುದಿನ ಮಧ್ಯಾಹ್ನ ಅಡಿವೆಪ್ಪ ಸ್ಕೂಟರ್ ಮೇಲೆ ಡಬ್ಬಿ ಒಯ್ಯಲು ಬಂದ. ಕೆಳಗಿನದರಲ್ಲಿ ಹಾರ್ಮೋನಿಯಂ ಇತ್ತು. ಮೇಲಿನದರಲ್ಲಿ ಏನು ಹಾಕಲಿ? ಕೊಡುವಂಥದೆಲ್ಲ ಆಗಲೇ ಅವನ ಶೆಡ್ಡಿನಲ್ಲಿತ್ತು. ಒಗ್ಗರಣೆ ಸಿಡಿಸೋಣವೆಂದರೆ ಸಾಸಿವೆ ಮುಗಿದಿತ್ತು. ಡಬ್ಬಿ ಹಿಡಿದುಕೊಂಡು ಅಡುಗೆಮನೆಯ ನಡುವೆ ಪೆದ್ದಿಯ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ಆರಂಭಿಸಿದರು.

"ಬೋಗಾಣಿ ತಳಾ ತಿಕ್ಕೀಯೋ, ಬರೇ ನೀರ ತೋರಿಸೀಯೋ? ಎಷ್ಟ ಸಲಾ ಹೇಳ್ಬೇಕ ನಿನಗ! ಮಂದಿ ಪೆಟ್ಟಿಗಿ ತಂದು ಮಗಳಿಗೆ ಸಂಗೀತ ಬರ್ತೈತಿ ಅಂತಿ. ನಾಳೆ ಆ ಮನಿಯಾಗ ಹಾಡ ಅಂದ್ರ ಏನ ಮಾಡ್ತೈತಿ ಕೂಸು? ನಿಮ್ಮವ್ವಾನೂ ಹಿಂಗ, ಸುಳ್ಳ ಹೇಳೇ ನಿನ್ನ ನಮಗ ಕಟ್ಟಿದ್ಳು..."

ಮಗಳ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಅವರ ಬಾಯಿಯ ಮುಂದೆ ಹಿಡಿದೆ. ಒಂದೆರಡು ಮಾತು ಹೋಗಲಿ, ಅಡಿವೆಪ್ಪ ಕೇಳಿ ನಗಲಿ ಎಂದುಕೊಂಡೆ. ಮುಚ್ಚಳ ಒತ್ತಿ ತಂದು ಅವನ ಕೈಗಿಟ್ಟೆ. ಒಳಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಕೊಡುವುದರ ಅಳತೆ ನನಗೆ ಇನ್ನೂ ಬಂದಿರಲಿಲ್ಲ. ಒಂದೆರಡು ಮಾತಲ್ಲ, ಬೈಗುಳ ಬುಡಸಮೇತ ಹೋಗಿತ್ತು.

ಸುಳ್ಳು ಯಾಕೆ ಹೇಳಲಿ, ಮೊದಲ ನಾಲ್ಕು ದಿನ ಹಬ್ಬ. ಹಾಲು ಉಕ್ಕಿಸಿದೆ, ಯಾರೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಮೂರರವರೆಗೆ ಮಲಗಿದೆ, ಯಾರೂ ಏನೂ ಅನ್ನಲಿಲ್ಲ. ಬೋಗಾಣಿಯ ತಳವನ್ನು ಬೇಕೆಂದೇ ಕಪ್ಪಾಗಿ ಬಿಟ್ಟು ಅತ್ತೆಯ ಕಣ್ಣೆದುರು ಬೋರಲು ಹಾಕಿದೆ. ಅವರು ನೋಡಿದರು, ತುಟಿ ಅಲುಗಿತು, ಆಮೇಲೆ ಸುಮ್ಮನೆ ಜಗುಲಿಗೆ ಹೋಗಿ ಕೂತರು. ನಮ್ಮ ಮನೆಯವರು ಮಾತ್ರ ಆ ದಿನದ ಪ್ರಶ್ನೆಯನ್ನು ಅದಕ್ಕೇ ಖರ್ಚು ಮಾಡಿದರು: "ಅವ್ವಗ ಆರಾಮ ಐತಿಲ್ಲೋ?"

ಐದನೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯ ಹೊರಗೆ ನಿಂತು, "ದಾಕ್ಷಾಯಣಿಯವರ, ತಮಗ ತ್ರಾಸ ಆಗಲಿಲ್ಲಂದ್ರ ಒಂದ ಕಪ್ಪ ಚಹಾ ಕೊಡ್ತೀರೇನ್ರಿ?" ಎಂದರು.

ನನ್ನ ಕೈಯಿಂದ ಹಿಟ್ಟಿನ ಸಾಣಿಗೆ ಬಿತ್ತು. ನನ್ನನ್ನು 'ತಾವು' ಎಂದು ಕರೆದವರು ಅದುವರೆಗೆ ಯಾರೂ ಇರಲಿಲ್ಲ, ಒಬ್ಬ ಇನ್ಶೂರೆನ್ಸ್ ಏಜೆಂಟನ ಹೊರತು. ಯೋಚಿಸಿದರೆ ಸರಿಯಾಗಿಯೇ ಇತ್ತು. ನನ್ನ ಜೊತೆ ಅವರಾಡುತ್ತಿದ್ದ ಮಾತೆಲ್ಲ ಬೈಗುಳದ ಬಾಯಿಯಿಂದಲೇ ಬರುತ್ತಿತ್ತು. ಊಟ ಮಾಡು ಎನ್ನುವುದೂ ಅದರಲ್ಲೇ, ಜ್ವರ ಬಂದಿದೆಯಾ ಎನ್ನುವುದೂ ಅದರಲ್ಲೇ. ಅದು ಹೋದ ಮೇಲೆ ಉಳಿದದ್ದು ಬೀಗರ ಮುಂದೆ, ಡಾಕ್ಟರ ಮುಂದೆ ಆಡುವ ಮಾತು. ಅದನ್ನೇ ನನಗೂ ಬಳಸತೊಡಗಿದ್ದರು. ನಾನು ಆ ಮನೆಯಲ್ಲಿ ಅವರಿಗೆ ಪರಕೀಯಳಾಗಿಬಿಟ್ಟೆ.

ಆಮೇಲೆ ಅವರು ಊಟ ಕಡಿಮೆ ಮಾಡಿದರು. ಅಡುಗೆಗೆ ಉಪ್ಪು ಹೆಚ್ಚಾಗಿದ್ದರೂ "ಭಾಳ ಚೊಲೋ ಆಗೈತ್ರಿ" ಎಂದು ಎರಡು ತುತ್ತು ತಿಂದು ಕೈ ತೊಳೆಯುವರು. ಡಾಕ್ಟರು ಗಂಟಲು ನೋಡಿ, ಇಷ್ಟು ಒಳ್ಳೆಯ ಗಂಟಲನ್ನು ಈ ವಯಸ್ಸಿನಲ್ಲಿ ನೋಡಿಲ್ಲ ಎಂದರು. ಎರಡು ವಾರ ಹೀಗೇ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ನಿದ್ದೆಯಿಂದ ಎದ್ದು ಬಂದಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಗೂಡಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದರ ಮುಚ್ಚಳ ತೆಗೆದು ಕಿವಿ ಹಚ್ಚುತ್ತಿದ್ದರು. ಕಡಲೆಬೇಳೆಯ ಡಬ್ಬಿ, ಬೆಲ್ಲದ ಡಬ್ಬಿ, ಖಾರದಪುಡಿಯ ಡಬ್ಬಿ. ಕಿವಿಗೆ ಖಾರ ಮೆತ್ತಿತ್ತು.

"ಏನ್ ಹುಡುಕ್ತೀರಿ ಅತ್ತಿ?"

"ಏನಿಲ್ರಿ," ಎಂದು ಅವರು ಒಂದೊಂದನ್ನೇ ಮತ್ತೆ ಮೇಲಿಟ್ಟರು. ತಪ್ಪು ಮಾಡಿ ಸಿಕ್ಕಿಬಿದ್ದವರು ಅವರು ಎಂಬಂತೆ. ಅವತ್ತು ನನಗೆ ನನ್ನ ಮೇಲೆ ಹೇಸಿಗೆ ಬಂತು. ಈ ಹೆಂಗಸು ಹೀಗೇ ನಮ್ರವಾಗಿ, ಹೀಗೇ ತ್ರಾಸಿಲ್ಲದೆ ಒಂದು ದಿನ ಸತ್ತೇಹೋಗುತ್ತಾರೆ, ಕೊಂದವಳು ನಾನು ಎಂದು ಭಯವಾಯಿತು.

ಓಡಿದೆ ಶೆಡ್ಡಿಗೆ. ಅಡಿವೆಪ್ಪ ನನ್ನನ್ನು ಕಂಡು ಹೆಡ್‌ಫೋನ್ ತೆಗೆದು ಎರಡೂ ಕೈ ಮುಗಿದ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ.

"ಅಕ್ಕಾರ, ನಿಮ್ಮ ಉಪಕಾರ ಹೆಂಗ ಮರೀಲಿ? ಎಲ್ಲಾರೂ ಕೈಬದಲ ಕೊಟ್ಟಾರ, ನೀವೊಬ್ಬರು ಇದು ನಿಂದು ಅಂತ ಕೊಟ್ಟೀರಿ. ಅದೂ ಎಂಥಾದ್ದು! ಯಾರದು ಅಂತ ಕೇಳೂದಿಲ್ಲ, ಕೇಳಬಾರದು. ಆದರ ಅದು ಬಂದ ಮ್ಯಾಲೆ ಆಲ್ಬಮ್ಮಿಗೆ ಜೀವ ಬಂತು ನೋಡ್ರಿ. ಎಲ್ಲಾ ವಾಪಸು ಹೋದರೂ ಇದೊಂದು ನನ್ನ ಹತ್ರ ಇರ್ತೈತಿ. ಇದನ್ನ ಹಿಡ್ಕೊಂಡು ಭಾಗ ಎರಡೂ ಮಾಡ್ತೀನಿ."

ಮೇಲಿನ ಡಬ್ಬಿಯದನ್ನು ವಾಪಸು ಕೇಳಿದ ಹೆಂಗಸು ಎಂದಾದರೆ ಶೈಲಾಳ ಮದುವೆ ಅಲ್ಲಿಗೇ ಮುಗಿಯಿತು. ಕೇಳಲಿಲ್ಲ. ಚಹಾ ಕುಡಿದು ಎದ್ದೆ. ಬಾಗಿಲು ದಾಟುವಾಗ, ಗೋಡೆಗೆ ಒರಗಿಸಿದ್ದ ಹಲಗೆಯನ್ನು ನೋಡಿ ಕೇಳಿದೆ, "ನಲವತ್ತೊಂದ ಡಬ್ಬಿ ವಾಪಸು ಕೊಡ್ಬೇಕಲ್ಲ ಅಡಿವೆಪ್ಪಾ, ಮ್ಯಾಲಿನ ಡಬ್ಬಿಗೆ ಏನ ಹಾಕ್ತಿ?"

"ಹಲಗಿದು ಐತಲ್ರಿ. ಮನಿಗೊಂದ ಪೆಟ್ಟು. ಅದರಾಗ ಇರೂದು ನಲವತ್ತ, ಒಂದ ಕಡಿಮಿ ಬೀಳ್ತೈತಿ. ಏನರ ಮಾಡೂನಂತ." ಅಷ್ಟು ಹೇಳಿ ಹೆಡ್‌ಫೋನ್ ಏರಿಸಿಕೊಂಡ. ಕಲಾವಿದರ ಲೆಕ್ಕ ಹೀಗೇ ಇರುತ್ತದೆ. ನನ್ನದು ಹಾಗಲ್ಲ, ನಾನು ಮನೆ ನಡೆಸುವವಳು. ಭಾನುವಾರ ಸಾಲಿನಲ್ಲಿ ಕಡೆಯವಳಾಗಿ ನಿಲ್ಲಬೇಕೆಂದು ದಾರಿಯಲ್ಲೇ ತೀರ್ಮಾನಿಸಿದೆ.

ಭಾನುವಾರ ಸೀರೆಯುಟ್ಟು ಹೊರಟಾಗ ಅತ್ತೆ ಕೇಳಿದರು, "ನಾನೂ ಬಂದರ ನಡೀತೈತೇನ್ರಿ?" ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂತೆ ಬಯಲಿನಲ್ಲಿ ಒಂದು ಕುರ್ಚಿ ಹುಡುಕಿ ಕೂರಿಸಿದೆ. ಸ್ಪೀಕರುಗಳನ್ನು ಮನೆಯೆತ್ತರಕ್ಕೆ ಪೇರಿಸಿದ್ದರು. ಅಡಿವೆಪ್ಪ ಕಪ್ಪು ಕನ್ನಡಕ ಹಾಕಿದ್ದ.

ಮೊದಲು ಹಲಗೆ. ಅದರ ಮೇಲೆ ಗಿರಣಿಯ ಪಟ್ಟಾ, ಹೊಲಿಗೆ ಮಶೀನು, ನಡುನಡುವೆ ಕತ್ತರಿ. ಕ್ಷೌರಿಕ ಎದ್ದು ನಿಂತು ಸುತ್ತಲಿನವರಿಗೆ ನಮಸ್ಕಾರ ಮಾಡಿದ. ನನ್ನ ರೊಟ್ಟಿ ಬಂತು, ನಾನೂ ನಾಚಿಕೆಯಿಲ್ಲದೆ ಹಿಗ್ಗಿದೆ. ಮೂರನೆಯ ಸೀಟಿ ಏರುತ್ತಾ ಏರುತ್ತಾ ಹೋಗಿ, ತಾರಾಬಾಯಿ ಅಳುವ ಹಂತಕ್ಕೆ ಬಂದು, ಎಲ್ಲವೂ ಒಮ್ಮೆಲೇ ನಿಂತುಬಿಟ್ಟಿತು. ಆಮೇಲೆ ಸ್ಪೀಕರಿನಿಂದ ನಮ್ಮ ಅತ್ತೆ.

"ಎಷ್ಟ ಸಲಾ, ಎಷ್ಟ ಸಲಾ, ಎಷ್ಟ ಸಲಾ ಹೇಳ್ಬೇಕ ನಿನಗ!" ಹಲಗೆಯ ಪೆಟ್ಟು ಬಿತ್ತು. ಬಯಲು ಎದ್ದಿತು. ಮೊದಲು ಕುಣಿದವರು ಸೊಸೆಯಂದಿರು, ಇದೆಂಥ ಮಾತು ಎಂದು ಅವರಿಗೆ ಮಾತ್ರ ಗೊತ್ತಿತ್ತು. ಅವರನ್ನು ನೋಡಿ ಅತ್ತೆಯಂದಿರು ಎದ್ದರು, ಕಡೆಗೂ ಯಾರೋ ತಮ್ಮ ಪರವಾಗಿ ಮಾತಾಡಿದರೆಂದು. ಗಣಿತದ ಮೇಷ್ಟ್ರು ಕುಣಿದರು. ಎರಡು ಕಡೆಯವರೂ ಗೆದ್ದ ಜಗಳವನ್ನು ನಾನು ಅದೊಂದೇ ಸಲ ನೋಡಿದ್ದು.

ಕುರ್ಚಿಯಲ್ಲಿ ಅತ್ತೆ ನೆಟ್ಟಗೆ ಕೂತಿದ್ದರು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಂದಲ್ಲೇನ್ರಿ ಅದು?"

"ಹೌದ್ರಿ ಅತ್ತಿ."

"ಯಾರ ಕೊಟ್ಟರು?"

"ನಾನ. ಸಿಟ್ಟಿನ್ಯಾಗ ಕೊಟ್ಟೆ."

ಅವರು ಕುಣಿಯುವವರ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. "ಚೊಲೋ ಕುಣೀತಾರಲ್ರಿ" ಎಂದರು. ಅದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಒಳ್ಳೆಯದಿತ್ತು.

ಕುಣಿತ ಮುಗಿದ ಮೇಲೆ ಸಾಲು ನಿಂತಿತು. ಒಬ್ಬೊಬ್ಬರಿಗೂ ಕೆಳಗೆ ಅವರವರ ಸಪ್ಪಳ, ಮೇಲೆ ಹಲಗೆಯ ಒಂದು ಪೆಟ್ಟು. ನಾನು ಹಿಂದೆ ಹಿಂದೆ ಸರಿದು ಕಡೆಯವಳಾದೆ. ಅತ್ತೆ ನನ್ನ ಹಿಂದೆ ಬಂದು ನಿಂತರು. ನನ್ನ ಸರದಿ ಬಂದಾಗ ಅಡಿವೆಪ್ಪ ರೊಟ್ಟಿಯನ್ನು ಹಾಕಿ ಮೇಲಿನ ಡಬ್ಬಿ ಹಿಡಿದುಕೊಂಡು ನಿಂತ.

"ಹಲಗಿ ಮುಗೀತಲ್ರಿ ಅಕ್ಕಾರ."

ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದೆ, "ಖಾಲಿ ಒಯ್ಯಾಕ ಬರಂಗಿಲ್ಲ ಅಡಿವೆಪ್ಪಾ."

ಅವನ ಮುಖ ಇಳಿಯಿತು. ಯಂತ್ರದಲ್ಲಿ ಉಳಿದದ್ದು ಒಂದೇ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆಗ ನನ್ನ ಹಿಂದಿನಿಂದ ಅತ್ತೆ, "ಭಾಳ ಚೊಲೋ ಮಾಡೀರಿ ತಾವು" ಎಂದರು. ಅಡಿವೆಪ್ಪ ತಟ್ಟನೆ ತಲೆಯೆತ್ತಿದ. ಗಂಟಲು ಯಾರದೆಂದು ಅವನಿಗೆ ಮೊದಲೇ ಗೊತ್ತಿದ್ದಿರಬೇಕು, ಆದರೆ ಮೂರು ವಾರ ಕತ್ತರಿಸಿ ಜೋಡಿಸಿದ ಅದೇ ಗಂಟಲಿನಿಂದ 'ತಾವು' ಎಂದು ಬಂದಾಗ, ಅವರ ಬೈಗುಳವೆಲ್ಲ ತನ್ನ ಬಳಿಯೇ ಇದೆಯೆಂದು ಹೊಳೆಯಿತು. ಕನ್ನಡಕ ತೆಗೆದು ಅವರನ್ನು ನೋಡಿದ, ನನ್ನನ್ನು ನೋಡಿದ. ಮೇಲಿನ ಡಬ್ಬಿ ತುಂಬಿಸಿ, ಮುಚ್ಚಳ ಒತ್ತಿ, ಅತ್ತೆಯ ಕೈಗೇ ಕೊಟ್ಟ. ಖಾಲಿ ಯಂತ್ರದ ಮುಂದೆ ಕೂತು ವಯರು ಸುತ್ತತೊಡಗಿದ. ಸಂಪ್ರದಾಯದ ಪ್ರಕಾರ ನಾನು ಯಾವ ತಪ್ಪೂ ಮಾಡಿರಲಿಲ್ಲ. ಪಂಪ್‌ಸೆಟ್ ಕದ್ದವನಿಗಿಂತ ಕೀಳಾಗಿ ಮನೆಗೆ ಬಂದೆ.

ಅತ್ತೆ ಜಗುಲಿಯ ಮೇಲೆ ಕೂತು ಮುಚ್ಚಳ ತೆಗೆದರು. ಆಮೇಲೆ ನಡೆದದ್ದನ್ನು ನಾಲ್ಕು ಓಣಿಯವರು ಕೇಳಿದ್ದಾರೆ, ನಾನು ಹೇಳಬೇಕಾಗಿಲ್ಲ. ಪಾತ್ರೆ, ಕೈ, ಕಣ್ಣು, ತವರು, ಮಧ್ಯಸ್ಥ ಎಲ್ಲ ಸಾಲಾಗಿ ಬಂದವು. ಕತ್ತರಿಸಿ ಜೋಡಿಸಿದ ಗುಣ ಹೋಗಿರಲಿಲ್ಲ, ಪ್ರತಿ ಮಾತೂ ಬೀಟಿಗೆ ಸರಿಯಾಗಿ ನಾಲ್ಕು ಸಲ ಬಂತು. ನಾನು ತಲೆ ತಗ್ಗಿಸಿ ನಿಂತು ಗಳಗಳ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ. "ಅಳಬ್ಯಾಡ, ಅಳಬ್ಯಾಡ, ಅಳಬ್ಯಾಡ, ಅಳಬ್ಯಾಡ, ಉಂಡ ಮಲಕೋ ನಡಿ" ಎಂದು ಅವರು ಒಳಗೆ ಹೋದರು.

ಮರುದಿನ ಚಹಾ ಕುಡಿಯುತ್ತಾ ಕೇಳಿದರು, "ಆ ಅಡಿವೆಪ್ಪನ ಹತ್ರ ಈಗ ಏನ ಉಳದೈತಿ?"

"ಏನೂ ಇಲ್ರಿ ಅತ್ತಿ."

"ಹಲಗಿ?"

"ಹಂಚಿಬಿಟ್ಟ."

ಅತ್ತೆ ಲೋಟ ಕೆಳಗಿಟ್ಟರು. ಗೂಡಿನಿಂದ ಒಂದು ಡಬ್ಬಿಯ ಮೇಲಿನ ಅಂತಸ್ತನ್ನು ಮಾತ್ರ ಬಿಚ್ಚಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ನಾನು ಹಿಂದೆ ಓಡಿದೆ. ಶೆಡ್ಡಿನಲ್ಲಿ ಅಡಿವೆಪ್ಪ ಖಾಲಿ ಹಲಗೆಯನ್ನು ಬಡಿದು ನೋಡುತ್ತಿದ್ದ, ಸಪ್ಪಳವಿರಲಿಲ್ಲ. ಅತ್ತೆ ಅವನ ಮುಂದೆ ನಿಂತರು.

"ನಿನ್ನೆ ನೀ ಕೊಟ್ಟಿದ್ದು ನನ್ನ ಸೊಸಿ ಕೊಟ್ಟಿದ್ದು. ಅದು ಮುಗೀತು. ಇದು ನಾ ಕೊಡೂದು. ನೋಡ್ಕೋ."

ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು, ನನ್ನ ಕಡೆ ತಿರುಗಿ, ಎದೆ ತುಂಬ ಉಸಿರೆಳೆದು ಕೂಗಿದರು: "ಎಷ್ಟ ಸಲಾ ಹೇಳ್ಬೇಕ ನಿನಗ!" ಅಲ್ಲಿಗೇ ಮುಚ್ಚಳ ಒತ್ತಿದರು. ಮುಂದೆ ಒಂದಕ್ಷರ ಹೋಗಲಿಲ್ಲ, ಹಿಂದೆ ಒಂದಕ್ಷರ ಉಳಿಯಲಿಲ್ಲ. "ಕೊಡೂದಾದ್ರ ಹಿಂಗ ಅಳತಿ ಮಾಡಿ ಕೊಡಬೇಕು, ಮಳ್ಳಿ" ಎಂದು ನನಗೆ ಹೇಳಿ ಮನೆಯ ದಾರಿ ಹಿಡಿದರು. ಅಡಿವೆಪ್ಪ ಡಬ್ಬಿಯನ್ನು ಎದೆಗವಚಿಕೊಂಡು ಕೂತುಬಿಟ್ಟ.

ಈಗ ಆ ಒಂದು ಸಾಲಿನ ಆಲ್ಬಮ್ ಹಿಡಿದು ಅವನು ಊರೂರು ತಿರುಗುತ್ತಾನೆ. ಹೋದಲ್ಲೆಲ್ಲ ಜನ ಕುಣಿಯುತ್ತಾರಂತೆ. ಎಲ್ಲ ಊರಿನಲ್ಲೂ ಸೊಸೆಯಂದಿರೇ ಮೊದಲು ಏಳುತ್ತಾರಂತೆ. ಇತ್ತ ನಮ್ಮ ಮನೆಯಲ್ಲಿ ಬೈಗುಳ ಮೊದಲಿನ ಕ್ರಮದಲ್ಲೇ ನಡೆಯುತ್ತದೆ. ಪಾತ್ರೆ ಮುಗಿದು ಕೈಗೆ ಬರುವ ಮೊದಲು ಅತ್ತೆ ಬಾಯಿ ತೆರೆದು ನಿಲ್ಲುತ್ತಾರೆ. ಅಲ್ಲಿ ಬರಬೇಕಾದ ಮಾತು ಅವರ ಬಳಿ ಇಲ್ಲ. ಅವರು ನನ್ನ ಮುಖ ನೋಡುತ್ತಾರೆ.

"ಎಷ್ಟ ಸಲಾ ಹೇಳ್ಬೇಕ ನನಗ" ಎಂದು ನಾನೇ ಹೇಳುತ್ತೇನೆ.

"ಹಾಂ," ಎಂದು ಅವರು ಮುಂದುವರಿಸುತ್ತಾರೆ.